ಒಟ್ಟಾಗಿ ದುಡಿಯಲು ಬಾರದವರ ಕಾಲುವೆಯಿಂದ

ರಾಜಧಾನಿಯ ಆಹಾರ ನೆರವು ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಅಕ್ಕಿ ಲಾರಿಗಳನ್ನು ಬರುವ ಶನಿವಾರ ನಮ್ಮೂರಿಗೆ ಕಳುಹಿಸಬೇಡಿ. ಪತ್ರದ ಕೊನೆಯಲ್ಲಿ ಕೈಮುಗಿದು ಕೇಳಬೇಕಾದದ್ದನ್ನು ಮೊದಲ ಸಾಲಿನಲ್ಲೇ ಕೇಳಿಬಿಟ್ಟಿದ್ದೇನೆ. ತಮ್ಮ ಕಚೇರಿಯಲ್ಲಿ ಎರಡನೆಯ ಸಾಲಿನವರೆಗೆ ಓದುವವರು ಯಾರೂ ಇಲ್ಲವೆಂದು ಅನುಭವಸ್ಥರು ಹೇಳಿದ್ದರಿಂದ ಈ ಅವಸರ. ಶನಿವಾರ ನಾವು ದೇಯೆ-ಕನಾಲ್ ಊರಿನವರು ನಮ್ಮ ಕಾಲುವೆಯ ಹೂಳೆತ್ತಬೇಕೆಂದು ಗೊತ್ತುಮಾಡಿದ್ದೇವೆ. ತಮ್ಮ ಲಾರಿ ಕಂಡರೆ ಜನ ಗುದ್ದಲಿ ಕೆಳಗಿಟ್ಟು ಅಕ್ಕಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹೂಳು ಅಲ್ಲೇ ಉಳಿದರೆ ಕಾಲುವೆಯ ಕಟ್ಟಕಡೆಯ ಗದ್ದೆಗೆ ನೀರು ಹೋಗುವುದಿಲ್ಲ. ಆ ಕಟ್ಟಕಡೆಯ ಗದ್ದೆ ನನ್ನ ಅಕ್ಕ ಇಸ್ಮೆಲಿಯದು. ಹೋದ ಎರಡು ಬೆಳೆಗೂ ಅವಳ ಗದ್ದೆ ಬಿರುಕು ಬಿಟ್ಟು ಮಲಗಿತ್ತು. ಈ ಸಲವೂ ನಾಟಿಯಾಗದಿದ್ದರೆ ಗದ್ದೆ ಬಿಟ್ಟು ರಾಜಧಾನಿಯ ತಗಡಿನ ಗುಡಿಸಲುಗಳ ಕಡೆ ಬಸ್ಸು ಹತ್ತುತ್ತೇನೆ ಎಂದು ಗಂಟು ಕಟ್ಟಿಟ್ಟುಕೊಂಡಿದ್ದಾಳೆ. ಕೂದಲು ಬೆಳ್ಳಗಾದ ಹೆಂಗಸು ಅಲ್ಲಿ ಹೋಗಿ ಮಾಡುವುದೇನು? ರಸ್ತೆ ಬದಿಯಲ್ಲಿ ಕೂತು ತಮ್ಮದೇ ಅಕ್ಕಿಯನ್ನು ಡಬ್ಬಿಯಲ್ಲಿ ಅಳೆದು ಮಾರಬೇಕು, ಅಷ್ಟೆ.

ಕಳೆದ ಭಾನುವಾರ ರಾಜಧಾನಿಯ ದೊಡ್ಡ ಹೋಟೆಲಿನಲ್ಲಿ ತಾವು ಮಾಡಿದ ಭಾಷಣವನ್ನು, ನಮ್ಮ ಭಾಷೆಯ ಅನುವಾದದ ಸಮೇತ, ರೇಡಿಯೋದಲ್ಲಿ ಕೇಳಿದೆವು. ಹೈಟಿಯ ಬಡತನದ ಬೇರುಗಳ ಬಗ್ಗೆ ತಾವು ಮಾತನಾಡಿದಿರಿ. ನಾನು ರೈತ. ನನಗೆ ತಿಳಿದಂತೆ ಬೇರು ನೋಡಬೇಕಾದರೆ ಬಗ್ಗಿ ಅಗೆಯಬೇಕು. ತಾವು ಅಮೃತಶಿಲೆಯ ನೆಲದ ಮೇಲೆ ಮೈಕು ಹಿಡಿದು ನಿಂತೇ ಕಂಡುಬಿಟ್ಟಿರಿ! "ಈ ಜನರಲ್ಲಿ ಒಟ್ಟಾಗಿ ದುಡಿಯುವ ಸಂಸ್ಕೃತಿಯೇ ಬೆಳೆದಿಲ್ಲ, ಏನಾದರೂ ಕೊಟ್ಟರೆ ಮಾತ್ರ ಕೈ ಎತ್ತುತ್ತಾರೆ" ಎಂದಿರಿ. ಪುರಾವೆಗೆ ಆರ್ಟಿಬೊನಿಟ್ ಕಣಿವೆಯ ಒಂದು ಕಾಲುವೆಯ ಕಥೆ ಹೇಳಿದಿರಿ. ತಾವು ಅಕ್ಕಿ ಕೊಡುವುದನ್ನು ನಿಲ್ಲಿಸಿದ ದಿನವೇ ಅಲ್ಲಿನ ಜನ ಕೆಲಸ ನಿಲ್ಲಿಸಿದರಂತೆ. ಊರಿನ ಹೆಸರು ಹೇಳದೆ ನಮ್ಮ ಮಾನ ಉಳಿಸಿದ್ದಕ್ಕೆ ವಂದನೆಗಳು. ನಮಗೆ ಗುರುತು ಸಿಕ್ಕಿತು. ಆಮೇಲೆ ಪರಿಹಾರವನ್ನೂ ಘೋಷಿಸಿದಿರಿ: ಅದೇ ಕಾಲುವೆಗೆ ಎರಡನೆಯ ಹಂತದ ನೆರವು, ಶನಿವಾರ ಬೆಳಿಗ್ಗೆ ಲಾರಿಗಳು, ಜೊತೆಗೆ ಒಟ್ಟಾಗಿ ದುಡಿಯುವುದು ಹೇಗೆಂದು ಕಲಿಸಲು ಒಂದು ತರಬೇತಿ ಶಿಬಿರ.

ಆಗ ನನ್ನ ಹೆಂಡತಿ ಅನೇಲಿಯಾ ಅಂಗಳದಲ್ಲಿ ಕೂತು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು.

"ಏನಂತೆ ಅವನದು?" ಎಂದಳು.

"ನಮಗೆ ಒಟ್ಟಾಗಿ ದುಡಿಯೋಕೆ ಬರಲ್ವಂತೆ."

"ಹಾಗಂದ್ನಾ? ನಮ್ಮ ಮಾವಿನ ಮರದಡಿ ಕೂತು, ಸಾಕು ಸಾಕು ಅಂತಾನೇ ಮತ್ತೆ ಮತ್ತೆ ಹಾಕಿಸ್ಕೊಂಡು ತಿಂದೋನು ಇವನೇ ತಾನೆ?"

"ಅವರೇ."

"ಆವತ್ತು ಉಪ್ಪುಮೀನಿನ ಮುಳ್ಳು ಗಂಟಲಲ್ಲಿ ನಿಂತಿದ್ರೆ ಚೆನ್ನಾಗಿತ್ತು ಮಾರಾಯ. ಈ ಭಾಷಣನಾದ್ರೂ ತಪ್ತಿತ್ತು."

ಅವಳ ಬಾಯಿಗೆ ಹೆದರಿ ನಾನು ರೇಡಿಯೋ ಆರಿಸಿದೆ. ಆದರೆ ನನ್ನ ಬಾಯಿಗೆ ಬೀಗ ಹಾಕುವವರು ಯಾರು? ಮಾನ್ಯರೇ, ನಾನು ಯಾರೆಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಕೋಂಬಿಟ್ ಎಂಬ ಪದ್ಧತಿಯಿದೆ. ಇವತ್ತು ಊರೆಲ್ಲ ಸೇರಿ ನಿನ್ನ ಗದ್ದೆ, ನಾಳೆ ಸೇರಿ ನನ್ನ ಗದ್ದೆ. ಮುಯ್ಯಾಳು ಎನ್ನಿ. ಬೆಳಿಗ್ಗೆ ಕಡಲಶಂಖ ಊದಿದರೆ ಮನೆಮನೆಯಿಂದ ಗುದ್ದಲಿ ಹೊರಡುತ್ತದೆ. ಕರೆದವರ ಮನೆಯಲ್ಲಿ ಹಂಡೆ ಒಲೆಯೇರುತ್ತದೆ. ಡೋಲಿನವನು ಬಾರಿಸುತ್ತಾನೆ, ಸಾಲು ಹಿಡಿದು ಗುದ್ದಲಿಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಆ ಸಾಲಿನ ಮುಂದೆ ನಿಂತು ಹಾಡು ಕಟ್ಟಿ ಹಾಡುವವನನ್ನು ಸಿಮಿದೋರ್ ಎನ್ನುತ್ತೇವೆ. ನನ್ನ ಅಪ್ಪ ಸಿಮಿದೋರ್, ನಾನೂ ಸಿಮಿದೋರ್. ಮೈಗಳ್ಳನ ಮಾನ ತೆಗೆಯುವುದು, ಊಟದಲ್ಲಿ ಜಿಪುಣತನ ಮಾಡಿದ ಮನೆಯನ್ನು ಊರಿಗೆಲ್ಲ ಗೊತ್ತಾಗುವ ಹಾಗೆ ಹಾಡುವುದು, ದೊಡ್ಡವರ ದೊಡ್ಡಸ್ತಿಕೆಯನ್ನು ಡೋಲಿನ ತಾಳಕ್ಕೆ ಕೂರಿಸುವುದು, ಇದೇ ನನ್ನ ಕಸುಬು. ಬೈಸಿಕೊಂಡವರು ಕೋಪ ಮಾಡಿಕೊಳ್ಳುವ ಹಾಗಿಲ್ಲ, ನಗುತ್ತಾ ಗುದ್ದಲಿ ಎತ್ತಬೇಕು. ತಾವೂ ಈ ಪತ್ರವನ್ನು ಅದೇ ಧೋರಣೆಯಲ್ಲಿ ಓದಿದರೆ ರಕ್ತದೊತ್ತಡಕ್ಕೆ ಒಳ್ಳೆಯದು.

ಈಗ ಆ ಕಾಲುವೆಯ ಕಥೆಗೆ ಬರೋಣ. ತಾವು ಹೋಟೆಲಿನಲ್ಲಿ ಹೇಳಿದ್ದು ಕಥೆಯ ಬಾಲ. ತಲೆ ನಮ್ಮ ಬಳಿ ಇದೆ.

ವರ್ಷಕ್ಕೊಮ್ಮೆ ಆ ಕಾಲುವೆಯ ಹೂಳನ್ನು ನಮ್ಮ ಅಜ್ಜಂದಿರ ಕಾಲದಿಂದ ಕೋಂಬಿಟ್ ಕಟ್ಟಿ ನಾವೇ ಎತ್ತುತ್ತಿದ್ದೆವು. ಬೆನ್ನುನೋವಿನ ಮುದುಕ ಬಂದು ಶಂಖ ಊದುತ್ತಿದ್ದ, ಬಸುರಿ ಹೆಂಗಸು ಈರುಳ್ಳಿ ಹೆಚ್ಚುತ್ತಿದ್ದಳು, ಎಲ್ಲರಿಗೂ ಒಂದೇ ಹಂಡೆಯಿಂದ ಊಟ. ಹೀಗಿರುವಾಗ ತಮ್ಮ ಕ್ಷೇತ್ರಾಧಿಕಾರಿ ಜೀಪಿನಲ್ಲಿ ಬಂದರು. ಎಳೆಯ ಪ್ರಾಯದ, ಒಳ್ಳೆಯ ನಡತೆಯ ಮನುಷ್ಯ, ಪಾಪ. ಮಾವಿನ ಮರದಡಿ ಸಭೆ ಸೇರಿಸಿದರು.

"ಈ ಕಾಲುವೆ ಯಾರು ಕ್ಲೀನ್ ಮಾಡ್ತಾರೆ?" ಎಂದು ಕೇಳಿದರು.

"ನಾವೇ ಸ್ವಾಮಿ."

"ಕೂಲಿ ಎಷ್ಟು?"

"ಕೂಲಿ ಎಂಥದು? ಊಟ ಹಾಕ್ತಾರೆ, ಒಂದೊಂದು ಗುಟುಕು ಕ್ಲೆರೆನ್ ಸಾರಾಯಿ ಕೊಡ್ತಾರೆ."

"ಅಂದ್ರೆ ಪುಕ್ಕಟೆ ದುಡಿಸ್ಕೊಳ್ತಾರೆ! ಇದು ಶೋಷಣೆ ಕಣ್ರೀ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮನ್ನು ಶೋಷಣೆ ಮಾಡುತ್ತಿದ್ದವರು ನಾವೇ ಎಂದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. ಇನ್ನು ಮುಂದೆ ಕಾಲುವೆ ಕೆಲಸಕ್ಕೆ ಕಚೇರಿಯಿಂದ ಅಕ್ಕಿ ಸಿಗುತ್ತದೆ ಎಂದು ಅವರು ಘೋಷಿಸಿದರು. ಬಡಗಿ ಒಸೆಲೋಮ್ ನನ್ನ ಪಕ್ಕದ ಮನೆಯವನು, ನಾಲಿಗೆಯಲ್ಲಿ ನನಗಿಂತ ಒಂದು ಕೈ ಮೇಲು. ಅವನು ಎದ್ದು ನಿಂತ.

"ಸ್ವಾಮಿ, ಬತ್ತ ಬೆಳೆಯೋರ ಊರಿಗೆ ಅಕ್ಕಿ ತಂದಿದ್ದೀರಿ. ಮೀನುಗಾರರ ಊರಿಗೆ ಏನು ತಗೊಂಡು ಹೋಗ್ತೀರಿ, ಮೀನಾ?"

"ಅದು ಬೇರೆ ವಿಭಾಗ" ಎಂದರು ತಮ್ಮ ಅಧಿಕಾರಿ. ತಮಾಷೆಗಲ್ಲ, ಗಂಭೀರವಾಗಿಯೇ ಹೇಳಿದರು.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು. ಕಚೇರಿಯವರು ಕರೆದಿದ್ದಾರೆ, ಕಚೇರಿಯವರೇ ಅಕ್ಕಿ ಹಾಕುತ್ತಿದ್ದಾರೆ. ಹಾಗಾದರೆ ಇದು ಕಚೇರಿಯವರ ಕೋಂಬಿಟ್ ಎಂದುಕೊಂಡೆವು. ನಾವು ಅವರ ಕರೆಗೆ ಹೋಗಿ ದುಡಿದ ಮೇಲೆ ನಮ್ಮ ಕರೆಗೆ ಅವರು ಬರಬೇಕಲ್ಲವೇ? ಇದರಲ್ಲಿ ಯಾರಿಗೂ ಅನುಮಾನವೇ ಹುಟ್ಟಲಿಲ್ಲ. ಬರಿಗಾಲಿನವನಾಗಲಿ ಜೀಪಿನವನಾಗಲಿ, ತೀರಿಸಬೇಕಾದ ಮುಯ್ಯಿ ಒಂದೇ. ಆದ್ದರಿಂದ ಕಾಲುವೆ ಕೆಲಸ ಮುಗಿದ ಮೇಲೆ, ಇಸ್ಮೆಲಿಯ ಗದ್ದೆಯ ಬದು ಕಟ್ಟುವ ದಿನ ಬಂದಾಗ, ತಮ್ಮ ಕಚೇರಿಗೆ ಕರೆ ಕಳುಹಿಸಿದೆವು. ತಾವು ಬರುತ್ತೀರೆಂದು ಉತ್ತರವೂ ಬಂತು. ಅನೇಲಿಯಾ ಅಷ್ಟು ದೊಡ್ಡ ಮನುಷ್ಯರು ಗುದ್ದಲಿ ಹಿಡಿಯಲು ಬರುತ್ತಾರಲ್ಲ ಎಂದು ಕರಗಿಹೋಗಿ, ಮಾರಲು ಇಟ್ಟಿದ್ದ ಕೋಳಿ ಕೊಯ್ದಳು. ಒಸೆಲೋಮ್ ತಮಗಾಗಿ ಗುದ್ದಲಿಗೆ ಹೊಸ ಹಿಡಿ ಕೆತ್ತಿ, ಕೈಗೆ ಚುಚ್ಚದಿರಲೆಂದು ಗಾಜಿನ ಚೂರಿನಲ್ಲಿ ಉಜ್ಜಿ ನಯಮಾಡಿದ.

ತಾವು ಬಂದಿರಿ. ಜ್ಞಾಪಕವಿದೆಯೇ? ಇಸ್ಮೆಲಿ ಮುಂದೆ ಬಂದು ಎರಡೂ ಕೈಯಿಂದ ಗುದ್ದಲಿ ನೀಡಿದಳು.

"ಬಾಪ್ಪಾ, ನಿನ್ನ ಜಾಗ ಸಾಲಿನ ನಡುವೆ ಇಟ್ಟಿದ್ದೀವಿ. ಅಂಚಲ್ಲಿ ಕೆಸರು ಜಾಸ್ತಿ, ಹೊಸಬರಿಗೆ ಕಷ್ಟ" ಎಂದಳು.

ತಾವು ಗುದ್ದಲಿ ತೆಗೆದುಕೊಂಡಿರಿ. ಕ್ಯಾಮೆರಾದವನು ಬಂದ. ಗುದ್ದಲಿ ಎತ್ತಿದಿರಿ, ಅವನು "ಹಾಗೇ ಇರಿ" ಎಂದ, ಹಾಗೇ ಇದ್ದಿರಿ. ಫೋಟೋ ಆಯಿತು. ಎತ್ತಿದ ಗುದ್ದಲಿ ನೆಲಕ್ಕೆ ತಾಗದೆ ಇಸ್ಮೆಲಿಯ ಕೈಗೆ ವಾಪಸಾಯಿತು. ಆಮೇಲೆ ತಾವು ಮಾವಿನ ನೆರಳಿಗೆ ಹೋದಿರಿ. ನಮ್ಮವರು ಬಿಸಿಲಿನಲ್ಲಿ ಬದು ಕಟ್ಟುತ್ತಿದ್ದರು, ತಾವು ಸಹಭಾಗಿತ್ವದ ಬಗ್ಗೆ ಮಾತನಾಡುತ್ತಿದ್ದಿರಿ. ಊಟದ ಹೊತ್ತಿಗೆ ಹಸಿವಿನಲ್ಲಿ ಮಾತ್ರ ತಾವು ನಮ್ಮೆಲ್ಲರಿಗಿಂತ ಹೆಚ್ಚು ದುಡಿದವರಂತೆ ಕಂಡಿರಿ. ನಾನು ಅಲ್ಲೇ ಒಂದು ಹಾಡು ಕಟ್ಟಿದೆ:

ಬಿಳಿಯಂಗಿ ಬಂತಣ್ಣ, ನೆರಳಾಗೆ ಕೂತಿತಣ್ಣ,
ಗುದ್ದಲಿಯ ಮೇಲೆತ್ತಿ ಫೋಟೋಕೆ ನಿಂತಿತಣ್ಣ,
ಬಾಳೆಕಾಯ್ ಅಗಿವಾಗ ಬೆವರು ಕಿತ್ತಿತಣ್ಣ!

ಸಾಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ತಮಗೆ ನಮ್ಮ ಭಾಷೆ ಬರುವುದಿಲ್ಲ, ಕಲಿಯುವ ತೊಂದರೆಯನ್ನೂ ತೆಗೆದುಕೊಂಡಿಲ್ಲ. ಆದ್ದರಿಂದ ತಾವೂ ಚಪ್ಪಾಳೆ ತಟ್ಟಿ ನಕ್ಕಿರಿ. ಆ ಫೋಟೋ ತಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಬಂತು. ನೆರವಿನ ಜೊತೆ ಒಂದು ಪ್ರತಿಯನ್ನು ನಮಗೂ ಕೊಟ್ಟಿರಿ. ಇಸ್ಮೆಲಿ ಅದನ್ನು ಗೋಡೆಗೆ ತೂಗುಹಾಕಲಿಲ್ಲ, ಮೊಟ್ಟೆಗೆ ಕೂತ ಕೋಳಿಯ ಕೆಳಗೆ ಹಾಸಿದಳು.

ಇಲ್ಲಿಯವರೆಗೆ ನಗುವ ಮಾತಾಯಿತು. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ಮರುವರ್ಷ ತಮ್ಮ ಅಕ್ಕಿಗೆ ಕಾರ್ಡು ಬಂತು. ಎಲ್ಲರಿಗೂ ಅಲ್ಲ, ತಮ್ಮವರು ಆರಿಸಿದ ಮನೆಗಳಿಗೆ ಮಾತ್ರ. ಒಸೆಲೋಮನಿಗೆ ಬಂತು, ಅವನ ತಮ್ಮನಿಗೆ ಬರಲಿಲ್ಲ. ನಮಗೆ ಬಂತು, ಇಸ್ಮೆಲಿಗೆ ಬರಲಿಲ್ಲ. ಅವಳಿಗೆ ಗದ್ದೆ ಇದೆಯಂತೆ, ಹಾಗಾಗಿ ಅವಳು ಬಡವಳಲ್ಲವಂತೆ. ಆ ಗದ್ದೆಗೆ ನೀರು ಬಂದರೆ ತಾನೆ ಸ್ವಾಮೀ ಅದು ಗದ್ದೆ? ಮುದುಕನ ಶಂಖಕ್ಕೆ, ಬಸುರಿಯ ಈರುಳ್ಳಿಗೆ ತಮ್ಮ ನಿಯಮದಲ್ಲಿ ಜಾಗವಿರಲಿಲ್ಲ, ಗುದ್ದಲಿ ಹಿಡಿದ ಕೈಗೆ ಮಾತ್ರ ಅಕ್ಕಿ. ಒಂದು ಹಂಡೆಯ ಊಟ ಹೋಗಿ ಮನೆಮನೆಯ ಚೀಲವಾಯಿತು. ಕಾರ್ಡಿಲ್ಲದವರು ದಡದ ಮೇಲೆ ಕೈಕಟ್ಟಿ ಕೂತು "ತಿನ್ನೋರು ತೆಗೀಲಿ" ಎಂದರು. ಕಾರ್ಡಿದ್ದವರು ತಮ್ಮ ಪಾಲಿನ ಅಳತೆ ಮುಗಿದ ತಕ್ಷಣ ಮೇಲೆದ್ದರು. ನಾನು ಹಾಡು ಎತ್ತಿದರೆ ದನಿಗೂಡಿಸುವವರಿರಲಿಲ್ಲ. ಕೂಲಿಗೆ ಬಂದವನು ಹಾಡುವುದೇಕೆ?

ಅದರ ಮೇಲೆ ಪೇಟೆಯ ಕಥೆ ಬೇರೆ. ಅನೇಲಿಯಾ ಊರಿನವರ ಅಕ್ಕಿಯನ್ನು ಒಟ್ಟುಗೂಡಿಸಿ, ಲಾರಿಯ ಮೇಲೆ ಚೀಲಗಳ ನಡುವೆ ಕೂತು, ಪಟ್ಟಣಕ್ಕೆ ಒಯ್ದು ಮಾರುವವಳು. ನಮ್ಮ ಕೊಯ್ಲಿನ ವಾರವೇ ತಮ್ಮ ಅಕ್ಕಿ ಊರಿಗೆ ಬಂತು. ಬತ್ತದ ಕಣಜ ತುಂಬಿರುವಾಗ ಚೀಲದ ಅಕ್ಕಿಯನ್ನು ಏನು ಮಾಡುವುದು? ಎಲ್ಲರೂ ಪೇಟೆಗೆ ಹೊತ್ತರು. ಅವಳು ಒಯ್ದಷ್ಟೇ ಚೀಲಗಳೊಂದಿಗೆ ವಾಪಸು ಬಂದಳು.

"ಯಾಕೆ, ಗಿರಾಕಿ ಇರ್ಲಿಲ್ವಾ?" ಎಂದೆ.

"ಇದ್ರು. ಎಲ್ಲ ಆ ಬೆಳ್ಳನೆ ಅಕ್ಕಿಗೇ ಮುಗಿಬಿದ್ರು. ನನ್ನದನ್ನ ಮೂಸಿ ನೋಡಿ, ಒಳ್ಳೆ ಘಮ ಐತೆ ಕಣಕ್ಕಾ ಅಂದು ಮುಂದೆ ಹೋದ್ರು. ಘಮಕ್ಕೆ ಯಾರು ಕಾಸು ಕೊಡ್ತಾರೆ, ಹೇಳು?"

"ಮುಂದಿನ ವಾರ ನೋಡೋಣ ಬಿಡು."

"ನೀನು ಹಾಡ್ಕೊಂಡು ಕೂತಿರು. ಬೆಳೆದದ್ದು ನಾವು, ತಿಂದದ್ದು ಹುಳ" ಎಂದು ಚೀಲವನ್ನು ನನ್ನ ಕಾಲ ಬಳಿಯೇ ಎತ್ತಿಹಾಕಿದಳು.

ಆಮೇಲೆ ಹಂತ ಮುಗಿಯಿತು. ಅದು ತಮ್ಮ ಶಬ್ದ. ನಮ್ಮಲ್ಲಿ ಬೆಳೆ ಮುಗಿಯುತ್ತದೆ, ಮಳೆ ಮುಗಿಯುತ್ತದೆ, ಆಯಸ್ಸು ಮುಗಿಯುತ್ತದೆ. ಹಂತ ಮುಗಿದದ್ದು ಅದೇ ಮೊದಲು. ಜೀಪು ಬರುವುದು ನಿಂತಿತು. ಹೂಳು ಮಾತ್ರ ತಮ್ಮ ಹಂತವನ್ನು ಕೇಳದೆ ಬರುತ್ತಲೇ ಇತ್ತು. ಒಂದು ಬೆಳಿಗ್ಗೆ ನಾನೇ ಶಂಖ ಊದಿದೆ. ಗಂಟಲ ನರ ಕಿತ್ತುಬರುವ ಹಾಗೆ ಊದಿದೆ. ಯಾರೂ ಬರಲಿಲ್ಲ. ಒಸೆಲೋಮನ ಬಾಗಿಲಿಗೆ ಹೋದೆ.

"ಕೇಳಿಸಲಿಲ್ವೇನೋ?"

"ಕೇಳಿಸ್ತು. ಈ ಸಲ ಅಕ್ಕಿ ಎಷ್ಟು ಕೊಡ್ತಾರೆ?"

"ಯಾರು ಕೊಡ್ತಾರೆ? ಇದು ನಮ್ಮ ಕಾಲುವೆ ಕಣೋ!"

"ಹೋದ ವರ್ಷ ನಮ್ಮದಾಗಿರ್ಲಿಲ್ವಾ? ಆಗ ಯಾಕೆ ಕೊಟ್ರು?"

ಊರಿನ ಮಾತುಗಾರನೆಂದು ಹೆಸರು ಪಡೆದವನು ಶಂಖವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಆ ಬೆಳೆಗೆ ಇಸ್ಮೆಲಿಯ ಸಸಿಮಡಿ ಒಣಗಿತು. ಮುಂದಿನ ಬೆಳೆಗೆ ಅವಳು ಸಸಿಯನ್ನೇ ಹಾಕಲಿಲ್ಲ. ಒಸೆಲೋಮ್ ಕೆಟ್ಟವನಲ್ಲ. ಅವನ ಕೈಯಲ್ಲಿ ತಾವು ಇಟ್ಟ ಪ್ರಶ್ನೆಯನ್ನು ಅವನು ನನಗೆ ದಾಟಿಸಿದ, ಅಷ್ಟೆ. ಹೀಗೆ ನಮ್ಮ ಹಂಡೆ ಒಡೆದು, ಒಡೆದ ಹಂಡೆಯನ್ನು ಹೋಟೆಲಿಗೆ ಒಯ್ದು, ನೋಡಿ ಇವರಿಗೆ ಹಂಡೆಯೇ ಇಲ್ಲ ಎಂದು ತೋರಿಸಿದಿರಲ್ಲ, ತಮಗೆ ನಾಚಿಕೆಯಾಗಲಿಲ್ಲವೇ?

ಬೇರುಗಳ ವಿಷಯ ತಾವೇ ಎತ್ತಿದ್ದರಿಂದ ನಾನೂ ನಾಲ್ಕು ಮಾತು ಆಡುತ್ತೇನೆ. ಗುಲಾಮರಾಗಿದ್ದ ನಮ್ಮ ಹಿರಿಯರು ಫ್ರೆಂಚ್ ಯಜಮಾನರನ್ನು ಓಡಿಸಿ ಈ ದೇಶ ಕಟ್ಟಿದರು. ಒಟ್ಟಾಗಿ ದುಡಿಯಲು ಬಾರದವರು ಒಟ್ಟಾಗಿ ಒಂದು ಸೈನ್ಯವನ್ನು ಸೋಲಿಸಿದ್ದು ಹೇಗೆಂದು ತಮ್ಮ ತರಬೇತಿ ಶಿಬಿರದಲ್ಲಿ ಯಾರಾದರೂ ವಿವರಿಸಬೇಕು. ಕೆಲವು ವರ್ಷಗಳ ಮೇಲೆ ಫ್ರಾನ್ಸಿನ ಯುದ್ಧನೌಕೆಗಳು ಬಂದು ನಿಂತು, ಯಜಮಾನರು ಕಳೆದುಕೊಂಡ ಆಸ್ತಿಗೆ ಪರಿಹಾರ ಕೊಡಿ ಎಂದು ಕೇಳಿದವು. ಆ ಆಸ್ತಿ ಯಾವುದು? ನನ್ನ ಮುತ್ತಜ್ಜನ ಅಪ್ಪನ ಬೆನ್ನು, ಅವನ ಹೆಂಡತಿಯ ಕೈಕಾಲು. ತಮ್ಮ ಮೈಯನ್ನು ತಾವೇ ಬಿಡಿಸಿಕೊಂಡ ತಪ್ಪಿಗೆ ನಮ್ಮವರು ಕಾಫಿ ಬೆಳೆದು, ಸಾಲದ ಮೇಲೆ ಸಾಲ ಎತ್ತಿ, ನೂರು ವರ್ಷಕ್ಕೂ ಹೆಚ್ಚು ಕಾಲ ದಂಡ ಕಟ್ಟಿದರು. ಶಾಲೆಗೆ, ರಸ್ತೆಗೆ, ಕಾಲುವೆಗೆ ಹೋಗಬೇಕಾದದ್ದು ಹಡಗು ಹತ್ತಿತು. ಲೋಕದ ಚರಿತ್ರೆಯಲ್ಲಿ ಬಡವರು ಶ್ರೀಮಂತರಿಗೆ ಇಷ್ಟು ದೀರ್ಘಕಾಲ ನೆರವು ನೀಡಿದ ಇನ್ನೊಂದು ಉದಾಹರಣೆ ತಮ್ಮ ಕಚೇರಿಯ ಕಪಾಟಿನಲ್ಲಿದ್ದರೆ ಹೇಳಿ. ಅದಕ್ಕೊಂದು ಕ್ಯಾಲೆಂಡರು ಕೂಡ ಬರಲಿಲ್ಲ ನೋಡಿ!

ಆಮೇಲೆ ಅಮೆರಿಕದ ಸೈನಿಕರು ಬಂದರು, ವರ್ಷಗಟ್ಟಲೆ ಕೂತರು. ಅವರಿಗೆ ರಸ್ತೆ ಬೇಕಿತ್ತು. ನನ್ನ ಅಜ್ಜನನ್ನು ಗದ್ದೆಯಿಂದ ಎಳೆದೊಯ್ದು, ಸೊಂಟಕ್ಕೆ ಹಗ್ಗ ಕಟ್ಟಿ, ಸಾಲಿನಲ್ಲಿ ನಿಲ್ಲಿಸಿ ಕಲ್ಲು ಒಡೆಸಿದರು. ಅಜ್ಜ ಸಾಯುವವರೆಗೂ ಹಗ್ಗವೆಂದರೆ ಹೌಹಾರುತ್ತಿದ್ದ, ಆಡು ಕಟ್ಟಲೂ ಮುಟ್ಟುತ್ತಿರಲಿಲ್ಲ. ಹೊರಗಿನವರು ನಮಗೆ ಒಟ್ಟಾಗಿ ದುಡಿಯುವುದನ್ನು ಕಲಿಸುತ್ತೇವೆ ಎಂದಾಗ ನಮ್ಮ ಮುದುಕಿಯರು ಮೂಗು ಮುರಿಯುವುದು ಸುಮ್ಮನೆ ಅಲ್ಲ. ಇನ್ನು ನನ್ನ ಯೌವನದಲ್ಲಿ ಹಂದಿಗಳ ಸರದಿ ಬಂತು. ಕಸಕಡ್ಡಿ ತಿಂದು ಬೆಳೆಯುವ ನಮ್ಮ ಕರಿಹಂದಿಯೇ ನಮಗೆ ಬ್ಯಾಂಕು. ಮಗಳ ಮದುವೆಯಾಗಲಿ, ಮಗನ ಶಾಲೆಯಾಗಲಿ, ಒಂದು ಹಂದಿ ಮಾರಿದರೆ ನಡೆಯುತ್ತಿತ್ತು. ಹಂದಿಗಳಿಗೆ ಬಂದ ಜ್ವರ ಕಡಲು ದಾಟಿ ಬಂದೀತೆಂದು ಅಮೆರಿಕದವರು ಹೆದರಿದರು, ನಮ್ಮ ಸರ್ಕಾರದವರು ತಲೆಯಾಡಿಸಿದರು, ರೋಗವಿದ್ದದ್ದು ಇಲ್ಲದ್ದು ಎಲ್ಲವನ್ನೂ ಕೊಂದರು. ಬದಲಿಗೆ ಬಂದ ಗುಲಾಬಿ ಬಣ್ಣದ ಹಂದಿಗೆ ಸಿಮೆಂಟು ನೆಲ ಬೇಕು, ಚೀಲದ ಮೇವು ಬೇಕು, ಬಿಸಿಲಿಗೆ ಸ್ನಾನ ಬೇಕು. ನನ್ನ ಅಮ್ಮ ಅದನ್ನು ನೋಡಿ "ಇದನ್ನ ನಾನು ಸಾಕೋದಾ, ಇದರ ಮನೇಲಿ ನಾನು ಸೊಸೆಯಾಗಿ ಇರೋದಾ?" ಎಂದು ಕೇಳಿದ್ದಳು.

ಕೊನೆಗೆ ಅಕ್ಕಿ. ಹೊರಗಿನ ಅಕ್ಕಿಯ ಮೇಲಿದ್ದ ತೆರಿಗೆಯನ್ನು ಹೆಚ್ಚುಕಡಿಮೆ ಕಿತ್ತೇ ಹಾಕಬೇಕೆಂದು ಹೊರಗಿನಿಂದ ಒತ್ತಡ ಬಂತು, ಕಿತ್ತುಹಾಕಿದರು. ತಮ್ಮ ಅಮೆರಿಕದ ಸರ್ಕಾರ ಅಲ್ಲಿನ ರೈತನ ಬೆನ್ನಿಗೆ ನಿಂತು ಹಣ ಸುರಿಯುತ್ತದೆ. ನಮ್ಮ ಬೆನ್ನಿಗೆ ನಿಂತವರು ಯಾರು? ಮಿಯಾಮಿ ಅಕ್ಕಿ ಎಂದು ನಾವು ಕರೆಯುವ ಆ ಅಕ್ಕಿ ಪೇಟೆ ತುಂಬಿತು. ಕಣಿವೆಯ ಹುಡುಗರು ಗದ್ದೆ ಬಿಟ್ಟು ರಾಜಧಾನಿಗೆ, ಅಲ್ಲಿಂದ ದೋಣಿಗೆ, ಗಡಿಯಾಚೆಯ ಕಬ್ಬಿನ ತೋಟಕ್ಕೆ ಹೊರಟರು. ಹೀಗೆ ಹಸಿದವರಿಗೆ ಕೊಡಲು ತಾವು ಅಕ್ಕಿ ತಂದಿರಿ. ನಮ್ಮವರ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಅಧ್ಯಕ್ಷರುಗಳು, ಸೇನಾಪತಿಗಳು, ಬಂದರಿನಲ್ಲಿ ಕೂತು ಆ ಅಕ್ಕಿ ತರಿಸಿ ಕೊಬ್ಬಿದ ಕೆಲವು ಮನೆತನಗಳು, ಇವರ ಮೇಲೆ ನಾನು ಕಟ್ಟಿದ ಹಾಡುಗಳನ್ನು ಹಾಡಿದರೆ ಬೆಳಗಾಗುತ್ತದೆ. ಕೆಲವನ್ನು ಗಟ್ಟಿಯಾಗಿ ಹಾಡಿದ ನನ್ನ ಅಪ್ಪ ಸೆರೆಮನೆಯಿಂದ ಹಲ್ಲು ಕಳೆದುಕೊಂಡು ಬಂದ. ಆದರೆ ಆ ಮಹನೀಯರು ಯಾರೂ ನಮಗೆ ಸಂಸ್ಕೃತಿ ಕಲಿಸುತ್ತೇವೆಂದು ಹೇಳಲಿಲ್ಲ, ಕದ್ದು ಸುಮ್ಮನಿದ್ದರು. ಆ ಮಟ್ಟಿಗೆ ಅವರೇ ವಾಸಿ.

ತಮ್ಮ ಭಾಷಣ ಕೇಳಿದ ಮರುದಿನ ಸಂಜೆ ನಮ್ಮ ಅಂಗಳದಲ್ಲಿ ಜನ ಸೇರಿದರು. ಯಾರೂ ಕರೆದದ್ದಲ್ಲ. ಕೆಲವರಿಗೆ ತಮ್ಮ ಲಾರಿಯ ಆಸೆ ಇತ್ತು, ಮುಚ್ಚಿಡುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ಹಸಿವಿರುವವರನ್ನು ಬೈಯಲು ನನ್ನ ಹಾಡಿಗೂ ಬಾಯಿಲ್ಲ. ಇಸ್ಮೆಲಿ ಒಂದು ಕಡೆ ಗೋಡೆಗೆ ಒರಗಿ ಕೂತಿದ್ದಳು. ಒಸೆಲೋಮ್ ಬಂದವನು ಅವಳ ಮುಖ ನೋಡದೆ ನೆಲ ನೋಡುತ್ತಾ ನಿಂತ.

"ಅಕ್ಕ, ಬಸ್ಸಿಗೆ ಹೋಗ್ತೀಯಂತೆ?" ಎಂದ ಅವನು.

"ಹೋಗದೆ ಏನು ಮಾಡ್ಲಿ ಹೇಳು. ಮಣ್ಣು ತಿನ್ಲಾ?"

"ಶನಿವಾರ ನಾವೇ ಹೂಳೆತ್ತಿದ್ರೆ, ನೀರು ಬಂದ್ರೆ?"

"ನೀರು ಬಂದ್ರೆ ನಾಟಿ ಹಾಕ್ತೀನಿ. ನಿನ್ನ ಬಾಯಿಂದ ನೀರು ಬರಲ್ಲ ಕಣೋ, ಗುದ್ದಲಿಯಿಂದ ಬರುತ್ತೆ. ಎರಡು ವರ್ಷದಿಂದ ಎಲ್ಲಿತ್ತು ನಿನ್ನ ಗುದ್ದಲಿ?"

ಅನೇಲಿಯಾ ಎದ್ದು ಹೋಗಿ ಒಳಗಿನಿಂದ ಹಂಡೆಯನ್ನು ಉರುಳಿಸಿಕೊಂಡು ಬಂದಳು. ಅದರೊಳಗೆ ಜೇಡ ಬಲೆ ಕಟ್ಟಿತ್ತು. "ನನ್ನ ಚೀಲದ ಅಕ್ಕಿ ಹಾಕ್ತೀನಿ, ಹುಳ ತಿನ್ನೋದಕ್ಕಿಂತ ನೀವು ತಿನ್ನಿ. ಕೆಲಸ ಮಾಡೋಕಾಗದವರೂ ಬಂದು ತಿನ್ಲಿ" ಎಂದಳು. ಈರುಳ್ಳಿ ನನ್ನದು ಎಂದಳು ಒಬ್ಬಳು. ಉಪ್ಪುಮೀನು ತರುತ್ತೇನೆ ಎಂದ ಒಸೆಲೋಮನ ತಮ್ಮ, ಕಾರ್ಡು ಬಂದಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದವನು.

ಆಗ ಕೆಲಸ ಎಲ್ಲಿಂದ ಶುರುಮಾಡಬೇಕೆಂಬ ಮಾತು ಬಂತು. ಒಸೆಲೋಮ್ ತಲೆಯೆತ್ತಿದ. ಹೂಳು ಎಲ್ಲಕ್ಕಿಂತ ಹೆಚ್ಚು ಕೂತಿರುವುದು ದೊಡ್ಡ ರಸ್ತೆಯಿಂದ ನಮ್ಮೂರಿಗೆ ತಿರುಗುವಲ್ಲಿ, ಕಾಲುವೆಯ ಮೇಲಿನ ಹಲಗೆ ಸೇತುವೆಯ ಅಡಿಯಲ್ಲಿ. ಹಲಗೆ ಕಿತ್ತಲ್ಲದೆ ಅಲ್ಲಿ ಗುದ್ದಲಿ ಇಳಿಯುವುದಿಲ್ಲ. "ಆ ಹಲಗೆ ಹೊಡೆದೋನು ನಾನೇ. ಬೆಳಕು ಹರಿಯೋ ಮುಂಚೆ ನಾನೇ ಕೀಳ್ತೀನಿ" ಎಂದ. ಲಾರಿಯ ಆಸೆಯಿದ್ದವರು ಅವನನ್ನೇ ನೋಡಿದರು. ಒಬ್ಬ ನಕ್ಕ. ಆಮೇಲೆ ಇನ್ನೊಬ್ಬ.

ಆದ್ದರಿಂದ ಮಾನ್ಯರೇ, ನಮ್ಮ ಒತ್ತಾಯ ಇಷ್ಟು. ಲಾರಿಗಳನ್ನು ನಿಲ್ಲಿಸಿ. ಹಸಿದ ಪಟ್ಟಣಗಳಿಗೆ ಅಕ್ಕಿ ಬೇಕಿದ್ದರೆ ನಮ್ಮ ಕಣಜದಿಂದ ಕೊಂಡು ಕೊಡಿ, ಘಮಕ್ಕೆ ಬೇರೆ ಬೆಲೆ ಕೇಳುವುದಿಲ್ಲ. ರೇಡಿಯೋದಲ್ಲಿ ಆಡಿದ ಮಾತನ್ನು ರೇಡಿಯೋದಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ. ತರಬೇತಿ ಶಿಬಿರವನ್ನು ತಮ್ಮ ಕಚೇರಿಯಲ್ಲೇ ನಡೆಸಿ, ಅಲ್ಲಿ ಅಗತ್ಯ ಹೆಚ್ಚು.

ಶನಿವಾರ ಎಷ್ಟು ಜನ ಬರುತ್ತಾರೋ ನನಗೆ ಗೊತ್ತಿಲ್ಲ. ಸುಳ್ಳು ಧೈರ್ಯ ತೋರಿಸುವ ವಯಸ್ಸು ನನ್ನದಲ್ಲ. ಬೆರಳೆಣಿಕೆಯ ಜನ ಬಂದರೂ ಕಾಲುವೆಗೆ ಇಳಿಯುತ್ತೇವೆ. ಆ ದಿನ ಮುಗಿಯದಿದ್ದರೆ ಮರುದಿನ, ಅಂದೂ ಮುಗಿಯದಿದ್ದರೆ ಅದರ ಮರುದಿನ. ಅಷ್ಟಾದರೂ ತಾವು ಈ ಪತ್ರವನ್ನು ಓದದೆ ಲಾರಿ ಕಳುಹಿಸಿದರೆ, ತಮ್ಮ ಚಾಲಕರು ಸೇತುವೆಯಿಲ್ಲದ ಕಾಲುವೆಯ ಆಚೆ ದಡದಲ್ಲಿ ನಿಂತು ಕೂಗಬೇಕಾಗುತ್ತದೆ. ಹಲಗೆ ಮತ್ತೆ ಯಾವಾಗ ಕೂರಿಸುತ್ತೀರಿ ಎಂದು ಅವರು ಫೋನು ಮಾಡಿ ಕೇಳಿದರೆ, ಇಸ್ಮೆಲಿಯ ಗದ್ದೆಗೆ ನೀರು ಬಿದ್ದ ಮೇಲೆ ಎಂದು ತಾವೇ ಹೇಳಿಬಿಡಿ.

ಇಂತಿ,
ಇನ್ನೂ ಸಂಸ್ಕೃತಿ ಬೆಳೆಯದ ಊರಿನ ಹಾಡುಗಾರ,
ಎರಡು ವರ್ಷದಿಂದ ದನಿಗೂಡಿಸುವವರಿಲ್ಲದೆ ಗಂಟಲು ತುಕ್ಕು ಹಿಡಿದಿರುವ
ವಿಲೇರ್ ತೆಲ್‌ಫೋರ್
ದೇಯೆ-ಕನಾಲ್, ಆರ್ಟಿಬೊನಿಟ್ ಕಣಿವೆ